ತೊಗರಿ ಕಟ್ಟಿಗೆಯಿಂದ ಡೀಸೆಲ್: ಅಡ್ಡಿ ಇರೋದು ಎಲ್ಲಿ?

"ಸರ್, ನಮ್ಮ ಕಡೆ ತೊಗರಿ ಕಟ್ಟಿಗೆ ರಾಶಿ ರಾಶಿ ಬಿದ್ದಿರ್ತದೆ. ಪೈರೋಲಿಸಿಸ್ ಪ್ಲಾಂಟ್ ಹಾಕಿದ್ರೆ ಡೀಸೆಲ್ ಬರ್ತದಂತಲ್ಲ?" ಕಲಬುರಗಿ ಕಡೆಯಿಂದ ನನಗೆ ಇಂಥ ಫೋನ್ ಆಗಾಗ ಬರುತ್ತದೆ. ಪೈರೋಲಿಸಿಸ್ ಅಂದರೆ ಗಾಳಿ ಸೋಕದ ಹಾಗೆ ಕಾಯಿಸಿ ಎಣ್ಣೆ ಇಳಿಸುವುದು. ದಾವಣಗೆರೆಯವರಾದರೆ ಮೆಕ್ಕೆಜೋಳದ ಬೆಂಡು, ತುಮಕೂರಿನವರಾದರೆ ತೆಂಗಿನ ಚಿಪ್ಪು. ಪ್ರಶ್ನೆ ಮಾತ್ರ ಅದೇ.

ಈ ಆಸೆ ಸುಮ್ನೆ ಹುಟ್ಟಿದ್ದಲ್ಲ. ಹಳೇ ಟೈರ್ ಬೇಯಿಸಿ ಎಣ್ಣೆ ಇಳಿಸುವ ಘಟಕವನ್ನು ಎಲ್ಲೋ ನೋಡಿರುತ್ತಾರೆ. ಯಂತ್ರ ಮಾರುವವನೂ "ಟೈರ್ ಹಾಕಿ, ಕಟ್ಟಿಗೆ ಹಾಕಿ, ಎರಡಕ್ಕೂ ಆಗುತ್ತೆ" ಎಂದಿರುತ್ತಾನೆ. ಕಟ್ಟಿಗೆ ಹಾಕಿದರೂ ಎಣ್ಣೆ ಬರುತ್ತದೆ, ಅದು ಸುಳ್ಳಲ್ಲ. ಆದರೆ ಅದು ಬೇರೆಯದೇ ಎಣ್ಣೆ. ಟೈರಿನ ರಬ್ಬರ್ ಎಂದರೆ ಹೆಚ್ಚುಕಡಿಮೆ ಇಂಗಾಲ ಮತ್ತು ಹೈಡ್ರೋಜನ್. ಒಣ ಕಟ್ಟಿಗೆಯ ತೂಕದಲ್ಲಿ ಶೇ. 40ಕ್ಕಿಂತ ಜಾಸ್ತಿ ಆಮ್ಲಜನಕ. ಗಿಡ ಬೆಳೆಯುವಾಗ ಸೇರಿಸಿಕೊಂಡ ಆ ಆಮ್ಲಜನಕ ಕಾಯಿಸಿದ ಮಾತ್ರಕ್ಕೆ ಬಿಟ್ಟು ಹೋಗುವುದಿಲ್ಲ, ಎಣ್ಣೆಯ ಒಳಗೇ ಕೂರುತ್ತದೆ. ಈ ಧಂದೆಯ ಎಲ್ಲ ತಾಪತ್ರಯದ ಬೇರೂ ಅಲ್ಲೇ ಇದೆ.

ಎಣ್ಣೆ ಇಳಿಸಬೇಕಾದರೆ ಮೊದಲು ಕಟ್ಟಿಗೆಯನ್ನು ಕೆಲವೇ ಮಿಲಿಮೀಟರ್ ಗಾತ್ರದ ಪುಡಿ ಮಾಡಬೇಕು. ತೇವ ಶೇ. 10ರ ಒಳಗಿರಬೇಕು. ಗಾಳಿ ಸೋಕದ ಹಾಗೆ ಸುಮಾರು 500 ಡಿಗ್ರಿ ಬಿಸಿಗೆ ಒಮ್ಮೆಲೇ ತಳ್ಳಬೇಕು. ಎದ್ದ ಆವಿಯನ್ನು ಎರಡು ಸೆಕೆಂಡಿನ ಒಳಗೆ ತಣಿಸಬೇಕು. ತಡವಾದರೆ ಆವಿ ಒಡೆದು ಗ್ಯಾಸ್ ಜಾಸ್ತಿ, ಎಣ್ಣೆ ಕಮ್ಮಿ. ಸರಿಯಾಗಿ ಮಾಡಿದರೆ ಒಳ್ಳೇ ಮರದ ತೂಕದ ಶೇ. 60ರಿಂದ 75 ದ್ರವವಾಗಿ ಇಳಿಯುತ್ತದೆ. ಉಳಿದದ್ದು ಇದ್ದಿಲು ಮತ್ತು ಗ್ಯಾಸ್. ಅವನ್ನು ಉರಿಸಿದರೆ ಘಟಕಕ್ಕೆ ಬೇಕಾದ ಬಿಸಿ ಅಲ್ಲೇ ಸಿಗುತ್ತದೆ. ಇಷ್ಟು ಕೇಳಿದವರ ಕಣ್ಣು ಅರಳುತ್ತದೆ: ಟನ್ನಿಗೆ ಆರೇಳುನೂರು ಕಿಲೋ ಎಣ್ಣೆ!

ಆ ಎಣ್ಣೆಯ ಬಾಟಲಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಬೆಲ್ಲದ ಪಾಕದ ಹಾಗೆ ಕಡುಕಂದು. ಮುಚ್ಚಳ ತೆಗೆದರೆ ಹೊಗೆಯ ಘಾಟು, ಕಣ್ಣು ಚುರ್ ಅನ್ನುತ್ತದೆ. ಲೀಟರಿಗೆ ಸುಮಾರು 1.2 ಕಿಲೋ ತೂಕ, ನೀರಿಗಿಂತ ಭಾರ. ಗಾಜಿನ ಲೋಟದಲ್ಲಿ ಡೀಸೆಲ್ ಮೇಲೆ ಸುರಿದರೆ ಬೆರೆಯುವುದಿಲ್ಲ, ತಳಕ್ಕಿಳಿದು ಬೇರೆ ಪದರವಾಗಿ ನಿಲ್ಲುತ್ತದೆ. ಅದರಲ್ಲಿ ನೀರೇ ಶೇ. 15ರಿಂದ 30. ಪಿಎಚ್ 2ರಿಂದ 3, ಅಂದರೆ ನಿಂಬೆರಸದ ಆಸುಪಾಸಿನ ಹುಳಿ. ಮಾಮೂಲಿ ಕಬ್ಬಿಣದ ಡ್ರಮ್ಮನ್ನು ತಿಂದು ಹಾಕುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಬೇಕೇ ಬೇಕು. ಕಿಲೋಗೆ ಸಿಗುವ ಶಾಖ 16ರಿಂದ 19 ಮೆಗಾಜೂಲ್. ಡೀಸೆಲ್‌ನಲ್ಲಿ ಅದು 43ರ ಹತ್ತಿರ.

"ಬಟ್ಟಿ ಇಳಿಸಿದರಾಯ್ತಲ್ಲ?" ಎಂದು ಕೇಳುತ್ತಾರೆ. ಆಗಲ್ಲ. ಕಚ್ಚಾತೈಲವನ್ನು ಕಾಯಿಸಿದರೆ ಪೆಟ್ರೋಲ್, ಡೀಸೆಲ್ ಎಂದು ಬಿಡಿಬಿಡಿಯಾಗಿ ಬರುತ್ತದೆ. ಇದನ್ನು ಕಾಯಿಸಿದರೆ ಒಳಗಿನ ವಸ್ತುಗಳು ಒಂದಕ್ಕೊಂದು ಅಂಟಿಕೊಂಡು ಪಾತ್ರೆಯ ತಳದಲ್ಲಿ ಕೋಕ್, ಅಂದರೆ ಕಲ್ಲಿನಂಥ ಇಂಗಾಲದ ಗಟ್ಟಿ ಆಗುತ್ತವೆ. ಹಾಗಾಗಿ ಉಳಿದ ದಾರಿ ಹೈಡ್ರೋಜನ್. ನೂರು ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ನೂರು ಪಟ್ಟು) ದಾಟಿದ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ, ಆಮ್ಲಜನಕವನ್ನು ನೀರಾಗಿಸಿ ಹೊರಹಾಕಬೇಕು. ಮೊದಲು ಕಮ್ಮಿ ಬಿಸಿಯಲ್ಲಿ ಎಣ್ಣೆಯನ್ನು ಹದಕ್ಕೆ ತರಬೇಕು, ಆಮೇಲೆ 400 ಡಿಗ್ರಿ ಹತ್ತಿರ ಒಯ್ಯಬೇಕು. ಹೈಡ್ರೋಜನ್ ದುಬಾರಿ. ಅದನ್ನು ಸಹಿಸುವ ಪಾತ್ರೆ ಇನ್ನೂ ದುಬಾರಿ. ವೇಗವರ್ಧಕ ಬೇರೆ ಕೋಕ್ ಮೆತ್ತಿಕೊಂಡು ಬೇಗ ಸಾಯುತ್ತದೆ. ಇಷ್ಟೆಲ್ಲ ಆದ ಮೇಲೆ ಒಂದು ಟನ್ ಒಣ ಮರಕ್ಕೆ ಕಾಗದದ ಲೆಕ್ಕದಲ್ಲಿ ಸಿಗುವ ವಾಹನ ಇಂಧನ 300 ಲೀಟರಿನ ಆಸುಪಾಸು. ಕಾಗದದ ಲೆಕ್ಕ ಎಂಬುದನ್ನು ಮರೆಯಬೇಡಿ.

ಕಾಗದದ ಲೆಕ್ಕ ನೆಲಕ್ಕೆ ಬಂದಾಗ ಏನಾಯಿತು ಎಂಬುದಕ್ಕೆ ಅಮೆರಿಕದ ಕಿಯೋರ್ ಕಂಪನಿ ಸಾಕ್ಷಿ. ಮಿಸಿಸಿಪಿ ರಾಜ್ಯದ ಕೊಲಂಬಸ್‌ನಲ್ಲಿ ದಿನಕ್ಕೆ 500 ಟನ್ ಪೈನ್ ಮರ ನುಂಗುವ ಘಟಕ ಕಟ್ಟಿದರು. ಹೂಡಿಕೆದಾರ ವಿನೋದ್ ಖೋಸ್ಲಾ ಹಣ ಹಾಕಿದ್ದರು, ರಾಜ್ಯ ಸರ್ಕಾರ 7.5 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ವೇಗವರ್ಧಕವನ್ನು ಪೈರೋಲಿಸಿಸ್ ಹಂತದಲ್ಲೇ ಸೇರಿಸಿ ಅಲ್ಲೇ ಆಮ್ಲಜನಕ ತೆಗೆಯೋಣ ಎಂಬುದು ಅವರ ಉಪಾಯ. ಜಾಣ ಉಪಾಯವೇ. ಆದರೆ ಆಮ್ಲಜನಕದ ಜೊತೆ ಇಂಗಾಲವೂ ಕೋಕ್ ಮತ್ತು ಗ್ಯಾಸ್ ಆಗಿ ಕೈಬಿಡುತ್ತದೆ, ಕೈಗೆ ಬರುವ ಎಣ್ಣೆ ಕುಗ್ಗುತ್ತದೆ. 2013ರಲ್ಲಿ ಇಂಧನ ತುಂಬಿದ ಲಾರಿಗಳು ಹೊರಟವು ನಿಜ, ಆದರೆ ಹೇಳಿದ ಇಳುವರಿ ಬರಲೇ ಇಲ್ಲ. 2014ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಕಟ್ಟಿಗೆಯನ್ನು ಪೂರ್ತಿ ಗ್ಯಾಸ್ ಮಾಡಿ, ಅದರಿಂದ ಡೀಸೆಲ್ ಕಟ್ಟುವ ಇನ್ನೊಂದು ದಾರಿಯೂ ಇದೆ. ಗ್ಯಾಸಿನಿಂದ ಎಣ್ಣೆ ಕಟ್ಟುವುದನ್ನು 1925ರಲ್ಲಿ ಜರ್ಮನಿಯ ಫಿಷರ್ ಮತ್ತು ಟ್ರಾಪ್ಶ್ ತೋರಿಸಿಕೊಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮಲ್ಲೂ ಇದ್ದಿಲು ಗ್ಯಾಸಿನ ಬಸ್ಸುಗಳು ಓಡಿದ್ದವು, ಆದರೆ ಅಲ್ಲಿ ಗ್ಯಾಸನ್ನು ನೇರ ಎಂಜಿನ್‌ಗೇ ಬಿಡುತ್ತಿದ್ದರು. ಡೀಸೆಲ್ ಮಾಡಬೇಕಾದರೆ ಆ ಗ್ಯಾಸಿನಲ್ಲಿ ಟಾರ್ (ಡಾಂಬರಿನಂಥ ಅಂಟು), ಗಂಧಕದ ಸುಳಿವೂ ಇರಬಾರದು. ಆ ಶುದ್ಧಿಯ ಖರ್ಚು ದೊಡ್ಡ ಘಟಕಕ್ಕೆ ಮಾತ್ರ ಗಿಟ್ಟುತ್ತದೆ, ಒಂದು ತಾಲ್ಲೂಕಿನ ಕಟ್ಟಿಗೆ ಅದರ ಹೊಟ್ಟೆಗೆ ಸಾಲದು.

ನನಗೆ ಈಗ ಒಪ್ಪಿಗೆಯಾಗುವುದು ಸ್ವೀಡನ್ನಿನ ದಾರಿ. ಯೆವ್ಲೆ ಊರಿನ ಒಂದು ಸಾಮಿಲ್ ಪಕ್ಕದಲ್ಲಿ ಪೈರೋಸೆಲ್ ಎಂಬ ಘಟಕ 2021ರಲ್ಲಿ ಮರದ ಹೊಟ್ಟಿನ ಎಣ್ಣೆ ತೆಗೆಯಲು ಶುರುಮಾಡಿತು. ಅಲ್ಲೇ ಡೀಸೆಲ್ ಮಾಡುವ ಸಾಹಸಕ್ಕೆ ಇಳಿಯದೆ, ಎಣ್ಣೆಯನ್ನು ಲೀಸೆಕಿಲ್‌ನ ಪ್ರೀಮ್ ಕಂಪನಿಯ ರಿಫೈನರಿಗೆ ಕಳಿಸುವ ಏರ್ಪಾಡು ಮಾಡಿಕೊಂಡರು. ಅಲ್ಲಿ ಅದು ಪೆಟ್ರೋಲಿಯಂ ಜೊತೆ ಸೇರಿ ಸಂಸ್ಕರಣೆಯಾಗುತ್ತದೆ. ದೊಡ್ಡ ಬಂಡವಾಳದ ಯಂತ್ರ ಆಗಲೇ ಅಲ್ಲಿ ನಿಂತಿದೆ, ಅಲ್ವಾ?

ನಮ್ಮಲ್ಲೂ ಮಂಗಳೂರಿನಲ್ಲಿ ರಿಫೈನರಿ ಇದೆ. ಆದರೆ ಕಲಬುರಗಿಯಿಂದ ಅಲ್ಲಿಗೆ ರಾಜ್ಯದ ಈ ತುದಿಯಿಂದ ಆ ತುದಿ, ಕಾಲುಭಾಗ ನೀರಿರುವ ಎಣ್ಣೆಗೆ ಲಾರಿ ಬಾಡಿಗೆ ಕೊಡಬೇಕು. ತೊಗರಿ ಕಟ್ಟಿಗೆ ಸಿಪ್ಪೆ ಸುಲಿದ ಪೈನ್ ಮರದ ಹಾಗಲ್ಲ ಎಂಬುದೂ ಇದೆ. ಸಿಪ್ಪೆ, ಮಣ್ಣು, ಬೂದಿ ಜಾಸ್ತಿ. ಬೂದಿಯಲ್ಲಿನ ಪೊಟ್ಯಾಸಿಯಂ ಎಣ್ಣೆಯಾಗಬೇಕಾದದ್ದನ್ನು ಇದ್ದಿಲು, ನೀರು, ಗ್ಯಾಸ್ ಮಾಡಿಬಿಡುತ್ತದೆ. ಸ್ವೀಡನ್ನಿನ ಇಳುವರಿ ಹಿಡಿದು ಇಲ್ಲಿ ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಬರೆದರೆ ಕೆಟ್ಟಿರಿ.

ಆದರೂ ಯಂತ್ರ ಕೊಳ್ಳುತ್ತೇನೆ ಎನ್ನುವವರು ಅಡ್ವಾನ್ಸ್ ಕೊಡುವ ಮೊದಲು ನಿಮ್ಮದೇ ಕಟ್ಟಿಗೆಯ ಎಣ್ಣೆ ಒಂದು ಲೀಟರ್ ಕೇಳಿ. ಮಾರುವವನು ತೋರಿಸುವ ಸ್ಯಾಂಪಲ್ ಬೇಡ. ಅದರ ನೀರಿನ ಪ್ರಮಾಣ ಮತ್ತು ಸ್ನಿಗ್ಧತೆಯನ್ನು (ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದನ್ನು) ಲ್ಯಾಬಿನಲ್ಲಿ ಅಳೆಸಿ. ಆಮೇಲೆ ಗಟ್ಟಿಯಾಗಿ ಮುಚ್ಚಿದ ಬಾಟಲಿಯಲ್ಲಿ 80 ಡಿಗ್ರಿಯಲ್ಲಿ 24 ಗಂಟೆ ಇಟ್ಟು ಮತ್ತೊಮ್ಮೆ ಅಳೆಸಿ. ತಿಂಗಳುಗಟ್ಟಲೆ ಡ್ರಮ್ಮಿನಲ್ಲಿ ಕೂತರೆ ಎಣ್ಣೆ ಎಷ್ಟು ಗಟ್ಟಿಯಾಗುತ್ತದೆ ಎಂಬ ಅಂದಾಜು ಅದರಲ್ಲಿ ಸಿಗುತ್ತದೆ. ಸ್ನಿಗ್ಧತೆ ದುಪ್ಪಟ್ಟಾಗಿದ್ದರೆ ಆ ಎರಡು ಅಂಕಿಗಳನ್ನು ಮಾರುವವನ ಮುಂದಿಟ್ಟು, ಬೇಸಿಗೆಯಲ್ಲಿ ಈ ಎಣ್ಣೆಯನ್ನು ಯಾರು, ಎಷ್ಟಕ್ಕೆ ಕೊಳ್ಳುತ್ತಾರೆ ಎಂದು ಬರವಣಿಗೆಯಲ್ಲಿ ಕೊಡಲು ಹೇಳಿ.