ಮುಡಿ ಕೊಟ್ಟ ಮೇಲೆ ಕಂಡ ಸಾಲುಗಳು

ಕಳೆದ ಮಳೆಗಾಲದಲ್ಲಿ ಆಲೂರು ಕಡೆಯ 24ರ ಹುಡುಗನೊಬ್ಬ ಹಾಸನದ ನಮ್ಮ ಕ್ಲಿನಿಕ್ಕಿಗೆ ತಾಯಿಯ ಜೊತೆ ಬಂದಿದ್ದ. ಒಳಗೆ ಬಂದರೂ ಟೋಪಿ ತೆಗೆಯಲಿಲ್ಲ. ಧರ್ಮಸ್ಥಳದಲ್ಲಿ ಮುಡಿ ಕೊಟ್ಟು ಬಂದಿದ್ದರಂತೆ. ಕೂದಲು ಹೋದ ಮೇಲೆ ನೋಡಿದರೆ ನೆತ್ತಿ ತುಂಬಾ ಆಲೂಗಡ್ಡೆ ಹೊಲದ ಹಾಗೆ ಸಾಲು ಸಾಲು.

"ಹರಕೆ ತೀರಿಸೋದು ತಡ ಆಯ್ತು, ಅದಕ್ಕೇ ಹೀಗಾಯ್ತಾ ಡಾಕ್ಟ್ರೇ?" ಅಂದರು ತಾಯಿ.

ಬೆರಳಿಟ್ಟು ನೋಡಿದೆ. ಮಡಿಕೆಗಳು ಸ್ಪಂಜಿನಂತೆ ಮೆತ್ತಗಿದ್ದವು. ನೆತ್ತಿಯಲ್ಲಿ ಮುಂದಿನಿಂದ ಹಿಂದಕ್ಕೆ, ಹಿಂದಲೆಯಲ್ಲಿ ಅಡ್ಡಕ್ಕೆ. ಒತ್ತಿದರೂ ಎಳೆದರೂ ಮಟ್ಟವಾಗಲಿಲ್ಲ. ಈ ಕಾಯಿಲೆಯ ಗುರುತೇ ಅದು. ಹೆಸರು ಕ್ಯೂಟಿಸ್ ವರ್ಟಿಸಿಸ್ ಜೈರಾಟಾ. 1907ರಲ್ಲಿ ಜರ್ಮನಿಯ ಚರ್ಮವೈದ್ಯ ಉನ್ನಾ ಇಟ್ಟದ್ದು. ನಾಲಿಗೆ ಹೊರಳದ ಹೆಸರು, ಆದರೆ ಅರ್ಥ ಇಷ್ಟೇ: ನೆತ್ತಿಯ ಚರ್ಮ ದಪ್ಪವಾಗಿ ಮಿದುಳಿನ ಹಾಗೆ ಸುರುಳಿಯಾಗುವುದು. ಲಕ್ಷ ಗಂಡಸರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ಹೆಂಗಸರಲ್ಲಿ ಇನ್ನೂ ಅಪರೂಪ.

ಆಮೇಲೆ ನಾನು ಕೇಳಿದ್ದು ತಲೆಯ ವಿಷಯವನ್ನಲ್ಲ. "ಚಪ್ಪಲಿ ಸೈಜ್ ಈಚೆಗೆ ಜಾಸ್ತಿ ಆಗಿದೆಯೇನಪ್ಪಾ? ಉಂಗುರ ಬಿಗಿಯಾಗಿದೆಯಾ?" ತಾಯಿ, ಮಗ ಮುಖ ಮುಖ ನೋಡಿಕೊಂಡರು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಾಗಿ ಬೆಳವಣಿಗೆಯ ಹಾರ್ಮೋನು ಜಾಸ್ತಿಯಾದರೆ ಕೈಕಾಲು, ದವಡೆ ದೊಡ್ಡದಾಗುತ್ತವೆ. ನೆತ್ತಿಯೂ ಹೀಗೆ ಮಡಿಕೆ ಬೀಳಬಹುದು. ಬೆರಳ ತುದಿ ಉಬ್ಬಿ, ಕೀಲು ಊದಿದ್ದರೆ ಅದು ನೆತ್ತಿ ಮಡಿಕೆ ಬೀಳಿಸುವ ಬೇರೆಯೇ ಕಾಯಿಲೆ. ಫಿಟ್ಸ್, ಬುದ್ಧಿಯ ಬೆಳವಣಿಗೆ, ಕಣ್ಣಿನ ತೊಂದರೆ, ಥೈರಾಯ್ಡ್, ಇವನ್ನೂ ವಿಚಾರಿಸಿದೆ. ಹುಟ್ಟಿನಿಂದಲೇ ಒಂದು ಕಡೆ ಮಾತ್ರ ಮಡಿಕೆಯಿದ್ದು ಅಲ್ಲಿ ಕೂದಲು ಉದುರುತ್ತಿದ್ದರೆ ಅದು ದೊಡ್ಡ ಮಚ್ಚೆಯಿರಬಹುದು. ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗುವುದರಿಂದ ಅದನ್ನು ಸುಮ್ನೆ ಬಿಡುವ ಹಾಗಿಲ್ಲ.

ಈ ಹುಡುಗನಿಗೆ ಅದ್ಯಾವುದೂ ಇರಲಿಲ್ಲ. ರಕ್ತ ಪರೀಕ್ಷೆಗಳೂ ಸರಿಯಾಗಿದ್ದವು. ಹೀಗೆ ಬೇರೆ ಕಾರಣವಿಲ್ಲದೆ ಬರುವ ಬಗೆ ಸಾಮಾನ್ಯವಾಗಿ ಹರೆಯ ಬಂದ ಮೇಲೆ, 30ರೊಳಗೆ ಶುರುವಾಗುತ್ತದೆ. ಹರಕೆಗೂ ಇದಕ್ಕೂ ಸಂಬಂಧವಿಲ್ಲ ಅಂದಾಗ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು.

ಇದನ್ನು ಕರಗಿಸುವ ಮಾತ್ರೆ ಇಲ್ಲ. ತೊಂದರೆ ಕೊಡುವುದು ಸಾಲುಗಳ ಒಳಗೆ ನಿಲ್ಲುವ ಕೊಳೆ. ಇವನ ತಲೆಯಲ್ಲಿ ಒಂದು ಸಾಲು ಬಿಡಿಸಿದರೆ ಬೆವರು, ಹೊಟ್ಟು, ಕೊಬ್ಬರಿ ಎಣ್ಣೆ ಸೇರಿದ ಕಮಟು ವಾಸನೆ. ಚರ್ಮ ಮೆತ್ತಗಾಗಲಿ ಅಂತ ತಾಯಿ ದಿನಾ ಎಣ್ಣೆ ತಿಕ್ಕುತ್ತಿದ್ದರು! ಅದನ್ನು ಮೊದಲು ನಿಲ್ಲಿಸಿದೆ. ಬೆರಳ ತುದಿಯಿಂದ ಸಾಲು ಬಿಡಿಸಿ ಶಾಂಪೂ ಹಾಕಬೇಕು, ನೊರೆ ಪೂರ್ತಿ ಹೋಗುವಂತೆ ತೊಳೆದು ಟವೆಲಿನಿಂದ ಒತ್ತಿ ಒರೆಸಬೇಕು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತಲೆ ಒಣಗಿಸುವುದೇ ಕಷ್ಟ, ಆದರೂ ಒದ್ದೆ ತಲೆಗೆ ಹೆಲ್ಮೆಟ್ ಬೇಡ. ಕೀವು, ನೋವು ಬಂದರೆ ತಡ ಮಾಡದೆ ತೋರಿಸಬೇಕು.

ನೋಟ ತೀರಾ ಬೇಸರ ಅನಿಸಿದರೆ ಮಡಿಕೆ ಕತ್ತರಿಸಿ ಹೊಲಿಯುವ ಆಪರೇಷನ್ ಇದೆ. ಇವನು ಬೇಡವೆಂದ. "ಕೂದಲು ಬಂದ್ರೆ ಕಾಣಲ್ಲ ಅಲ್ವಾ ಸಾರ್?" ಹೆಚ್ಚೂಕಡಿಮೆ ಹಾಗೇ.

ಎದ್ದು ಹೋಗುವಾಗ ಟೋಪಿ ಕೈಯಲ್ಲೇ ಇತ್ತು. ಊರಿನ ಕಟಿಂಗ್ ಶಾಪಿನವನಿಗೆ ಎರಡು ವರ್ಷದ ಹಿಂದೆಯೇ ಗೊತ್ತಿತ್ತಂತೆ. ಮಷೀನ್ ಹಾರಿ ಹಾರಿ ಹೋಗುತ್ತಿತ್ತಲ್ಲ. "ನಿಂಗೇ ಗೊತ್ತಿರುತ್ತೆ ಅನ್ಕೊಂಡೆ" ಅಂದನಂತೆ.