ಕ್ರಾಸ್‌ನಲ್ಲಿ ಅಪಘಾತ: ಹಂಪ್ ಹಾಕಬೇಕಾದದ್ದು ಎಲ್ಲಿ?

ಪ್ರಶ್ನೆ: ನಮ್ಮೂರ ರಸ್ತೆ ಹೆದ್ದಾರಿಗೆ ಸೇರುವ ಕ್ರಾಸ್‌ನಲ್ಲಿ ಮೇಲಿಂದ ಮೇಲೆ ಸಾವುಗಳಾಗುತ್ತಿವೆ. ಬೈಕಿನವರು ನೋಡದೆ ನುಗ್ಗುತ್ತಾರೆ ಎನ್ನುತ್ತಾರೆ. ಹೆದ್ದಾರಿಗೆ ಹಂಪ್ ಹಾಕಿಸಿದರೆ ಸಾಕೆ?

ಉತ್ತರ: ಹಂಪ್ ಬೇಕು, ಆದರೆ ನಿಮ್ಮೂರ ರಸ್ತೆಗೆ.

ನುಗ್ಗುವುದಕ್ಕೂ ಕಾರಣವಿರುತ್ತದೆ. ಮತ್ತೆ ಮತ್ತೆ ಡಾಂಬರು ಬಿದ್ದು ಹೆದ್ದಾರಿ ಎತ್ತರವಾಗುತ್ತದೆ, ಊರಿನ ರಸ್ತೆ ಇದ್ದಲ್ಲೇ ಉಳಿಯುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡ ಸವಾರನಿಗೆ ಆ ಅಂಚಿನ ಕೆಳಗೆ ನಿಲ್ಲಿಸಿ ಹತ್ತಿಸುವುದು ಕಷ್ಟ. ದೂರದಿಂದಲೇ ಆಕ್ಸಿಲರೇಟರ್ ತಿರುವಿ ಒಂದೇ ಓಟಕ್ಕೆ ಹತ್ತಿಸುತ್ತಾನೆ. ಜಲ್ಲಿ ಕಿತ್ತಿದ್ದರೆ ಬ್ರೇಕ್ ಹಿಡಿದರೂ ಚಕ್ರ ಜಾರುತ್ತದೆ.

ಇತ್ತ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಅಪಾಯ ಗುರುತಿಸಿ ಬ್ರೇಕ್ ಒತ್ತಲು ಎರಡೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲೇ 55 ಮೀಟರ್ ಕಳೆದಿರುತ್ತದೆ. ಪೂರ್ತಿ ನಿಲ್ಲಲು ಸುಮಾರು 120 ಮೀಟರ್ ಬೇಕು. ಮುಂದೆ ಕ್ರಾಸ್ ಇದೆ ಎನ್ನುವ ತ್ರಿಕೋನ ಬೋರ್ಡು ಅದಕ್ಕೂ ಮೊದಲೇ ಕಾಣಬೇಕು. ಹೊಂಗೆ ಕೊಂಬೆಯೋ ಹುಟ್ಟುಹಬ್ಬದ ಫ್ಲೆಕ್ಸೋ ಅಡ್ಡ ಬಂದರೆ, ಬೋರ್ಡಿನ ಪ್ರತಿಫಲನ ಹಾಳೆ ಸವೆದು ಹೆಡ್‌ಲೈಟಿಗೆ ಹೊಳೆಯದಿದ್ದರೆ, ಅದು ಬರೀ ಕಂಬ. ಹಗಲಲ್ಲಿ ಬಂದು ನೋಡಿಹೋಗುವವರಿಗೆ ಎರಡನೆಯ ದೋಷ ಗೊತ್ತಾಗುವುದೇ ಇಲ್ಲ.

ಸಾವಾದ ಮರುದಿನ ಒತ್ತಾಯಕ್ಕೆ ಹೆದ್ದಾರಿಗೆ ಹಾಕುವ ಹಂಪ್‌ಗೆ ಎಷ್ಟೋ ಕಡೆ ಬಣ್ಣವೂ ಇರದು, ಬೋರ್ಡೂ ಇರದು. ರಾತ್ರಿ ಬರುವ ಬೈಕಿಗೆ ಅದೇ ಕಂಟಕ. ಕೇಳಬೇಕಾದದ್ದು ಬೇರೆ: ಊರಿನ ರಸ್ತೆಯಲ್ಲಿ ಬಣ್ಣ ಬಳಿದ ಹಂಪ್, ಎಂಟು ಮೂಲೆಯ ಕೆಂಪು ‘ನಿಲ್ಲಿ’ ಬೋರ್ಡು, ದಪ್ಪ ಬಿಳಿ ಗೆರೆ, ಮತ್ತು ಅಂಚಿನಲ್ಲಿ ಬೈಕು ನಿಂತು ಹೊರಡುವಷ್ಟು ಸಮತಟ್ಟು ಜಾಗ.

ಅರ್ಜಿಗೆ ಮೊದಲು ಆ ಗೆರೆ ಬರಬೇಕಾದಲ್ಲಿ ಬೈಕಿನ ಮೇಲೆ ಕೂತು, ಎರಡೂ ಕಡೆ ಎಷ್ಟು ದೂರದ ವಾಹನ ಕಾಣುತ್ತದೆಂದು ಅಳೆಯಿರಿ. 8 ಸೆಕೆಂಡಿನ ದೂರ, ಅಂದರೆ 80ರ ವೇಗಕ್ಕೆ ಸುಮಾರು 180 ಮೀಟರ್, ಕಾಣಬೇಕು. ಕಾಣದಿದ್ದರೆ ಅಡ್ಡವಿರುವುದು ಜಾಲಿಯೋ ಗೂಡಂಗಡಿಯೋ ನಿಂತ ಲಾರಿಯೋ ಬರೆದು, ಹಗಲು ರಾತ್ರಿ ಎರಡರ ಫೋಟೊ ಲಗತ್ತಿಸಿ.

ಕಿಲೋಮೀಟರ್ ಕಲ್ಲಿನ ತಲೆ ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಅರ್ಜಿ ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರಿಗೆ. ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಅದರ ಸಹಾಯವಾಣಿ 1033ಕ್ಕೂ ಕರೆ ಮಾಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮನ್ನು ಅರ್ಜಿಯಲ್ಲಿ ಉಲ್ಲೇಖಿಸಿ: ರಸ್ತೆಯ ವಿನ್ಯಾಸ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಮೊತ್ತ ದೊಡ್ಡದಲ್ಲ, ಆದರೂ ಕಡತ ಕದಲುತ್ತದೆ. ಸ್ವೀಕೃತಿ ಮೊಹರು ಬಿದ್ದ ಪ್ರತಿಯನ್ನು ಪೊಲೀಸ್ ಠಾಣೆಗೂ ಕೊಡಿ. ದೋಷ ಇಲಾಖೆಗೆ ಮೊದಲೇ ತಿಳಿದಿತ್ತು ಎಂಬುದಕ್ಕೆ ಅದೇ ದಾಖಲೆ.