ಸಣ್ಣ ಮುದ್ದೆ ಬೇಗ ಆರುತ್ತೆ

"ಕೂಸು ಸಣ್ಣದಾಗಿದ್ರೆ ಹೆರಿಗೆ ಸಲೀಸು, ಜಾಸ್ತಿ ತಿನ್ನಬೇಡ ಕಣಮ್ಮ." ನನ್ನ ತಂಗಿ ಬಸುರಿಯಾಗಿದ್ದಾಗ ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಈ ಮಾತು ಹೇಳದವರೇ ಇರಲಿಲ್ಲ. ಪ್ರೀತಿಯಿಂದಲೇ ಹೇಳಿದರು. ಅವಳೂ ನಂಬಿದಳು. ಒಂದು ಮುದ್ದೆ ಅರ್ಧ ಮುದ್ದೆಯಾಯಿತು. ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ ಅಂತ ಯಾರೋ ಅಂದಿದ್ದಕ್ಕೆ ಮಾತ್ರೆಗಳು ಗೂಡಿನಲ್ಲೇ ಉಳಿದವು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8 ಅಂತ ಬರೆದಿತ್ತು. 11 ಆದರೂ ಇರಬೇಕಿತ್ತು. 36ನೇ ವಾರಕ್ಕೇ ಹೆರಿಗೆ ಆಯಿತು, ಹೆಣ್ಣುಮಗು, 1 ಕೆಜಿ 900 ಗ್ರಾಂ.

ಹುಟ್ಟಿದಾಗ 2.5 ಕೆಜಿಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಅಂತ ಲೆಕ್ಕ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 18 ಮಕ್ಕಳು ಹೀಗೆ ಹುಟ್ಟುತ್ತವೆ. ಕೆಲವು 37 ವಾರ ತುಂಬುವ ಮೊದಲೇ ಬಂದುಬಿಡುತ್ತವೆ, ಕೆಲವು ದಿನ ತುಂಬಿದರೂ ಒಳಗೆ ಬೆಳೆದಿರುವುದಿಲ್ಲ, ಇನ್ನು ಕೆಲವಕ್ಕೆ ಎರಡೂ ತೊಂದರೆ. ತಾಯಿಗೆ ರಕ್ತ ಕಡಿಮೆ, ಬಿಪಿ, ಸೋಂಕು, ಅವಳಿ ಮಕ್ಕಳು, ಬಾಣಂತನದ ಬೆನ್ನಿಗೇ ಇನ್ನೊಂದು ಬಸುರು, ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪು, ಎಲ್ಲವೂ ಕಾರಣವೇ. ಹದಿನೇಳಕ್ಕೇ ಮದುವೆ ಮಾಡಿದರೆ ಆ ಹುಡುಗಿಯ ಮೈಯೇ ಇನ್ನೂ ಬೆಳೆಯುತ್ತಿರುತ್ತೆ, ಇರುವ ಊಟ ಇಬ್ಬರ ಬೆಳವಣಿಗೆಗೂ ಸಾಲಬೇಕು.

ಇನ್ನು ಆ "ಸಲೀಸು" ಅನ್ನುವ ಮಾತು. ಒಳಗೆ ಪೋಷಣೆ ಸಾಲದಾದಾಗ ಮಗುವಿನ ದೇಹ ಸಾಮಾನ್ಯವಾಗಿ ಮೊದಲು ಮೆದುಳನ್ನು ಕಾಪಾಡಿಕೊಳ್ಳುತ್ತೆ. ಬಡವಾಗುವುದು ಕೈಕಾಲು, ಹೊಟ್ಟೆ, ಚರ್ಮದ ಕೆಳಗಿನ ಕೊಬ್ಬು. ತಲೆ ಅಷ್ಟೇನೂ ಚಿಕ್ಕದಾಗಲ್ಲ. ಹೆರಿಗೆಯಲ್ಲಿ ಕಷ್ಟ ಇರುವುದೇ ತಲೆ ಬರುವುದರಲ್ಲಿ ಅಲ್ವಾ?

ಮೊದಲ ಸಲ ಎತ್ತಿಕೊಂಡಾಗ ನನಗೆ ಭಯವಾಯಿತು. ತೊಡೆಯ ಚರ್ಮ ಸಡಿಲವಾಗಿ ಮಡಿಕೆ ಬಿದ್ದಿತ್ತು, ಪಾದ ತಣ್ಣಗಿತ್ತು. ಇಂಥ ಮಕ್ಕಳಿಗೆ ಚಳಿ ದೊಡ್ಡ ಶತ್ರು. ತಟ್ಟೆಯಲ್ಲಿ ಒಂದು ದೊಡ್ಡ ಮುದ್ದೆ, ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಸಣ್ಣ ಮುದ್ದೆ ಇಟ್ಟು ನೋಡಿ, ಸಣ್ಣದು ಬೇಗ ಆರುತ್ತೆ. ಒಳಗಿನ ಹಿಟ್ಟಿಗೆ ಹೋಲಿಸಿದರೆ ಅದರ ಹೊರಮೈ ಜಾಸ್ತಿ. ಮಗುವಿಗೂ ಅದೇ ಲೆಕ್ಕ, ಅದರ ಮೇಲೆ ಕಾವು ಹಿಡಿದಿಡುವ ಕೊಬ್ಬೂ ಇಲ್ಲ. ಮೈ ತಣ್ಣಗಾದರೆ ಕಾಯಿಸಿಕೊಳ್ಳಲು ಇರುವ ಸಕ್ಕರೆ ಖರ್ಚಾಗುತ್ತೆ, ಸಕ್ಕರೆ ಇಳಿದರೆ ಮಗು ಮಂಕಾಗುತ್ತೆ, ಮಂಕಾದರೆ ಹಾಲು ಚೀಪಲ್ಲ, ಚೀಪದಿದ್ದರೆ ಸಕ್ಕರೆ ಇನ್ನೂ ಇಳಿಯುತ್ತೆ. ಸೋಂಕು, ಕಾಮಾಲೆ, ಉಸಿರಾಟದ ತೊಂದರೆಯೂ ಇವಕ್ಕೇ ಜಾಸ್ತಿ.

ನರ್ಸ್ ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಬಿಟ್ಟು ತಂಗಿಯ ಎದೆಗೆ ನೇರ ಒರಗಿಸಿ, ಮೇಲೆ ಸೀರೆ ಸುತ್ತಿದರು. ಕಾಂಗರೂ ಆರೈಕೆ ಇದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ಡಾಕ್ಟರ್ ಎಡ್ಗರ್ ರೇ ಶುರು ಮಾಡಿದ್ದು. ಬಡವರ ಉಪಾಯ ಅಂದುಕೊಂಡಿದ್ದು ಈಗ ಎಲ್ಲೆಡೆ ಒಪ್ಪಿದ ಚಿಕಿತ್ಸೆ. ತಂಗಿ ಸುಸ್ತಾದಾಗ ಅವಳ ಗಂಡ ಶರ್ಟ್ ಬಿಚ್ಚಿ ಕೂಸನ್ನು ಎದೆಗೆ ಹಾಕಿಕೊಂಡ. ಚೀಪಲು ಶಕ್ತಿ ಇಲ್ಲದ ಮೊದಲ ದಿನಗಳಲ್ಲಿ ಹಾಲು ಹಿಂಡಿ, ಕುದಿಸಿದ ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಕುಡಿಸಿದೆವು. ಅಜ್ಜಿಗೆ ಎಣ್ಣೆನೀರು ಹಾಕುವ ಆಸೆ. ತೂಕ 2 ಕೆಜಿ ದಾಟುವವರೆಗೆ ಸ್ನಾನ ಬೇಡ ಅಂತ ಆಶಾ ಕಾರ್ಯಕರ್ತೆ ಕೈ ಹಿಡಿದು ಕೇಳಿಕೊಂಡ ಮೇಲೆ ಸುಮ್ಮನಾದರು. 42ನೇ ದಿನ ಆಕೆಯೇ ತೂಗಿದಾಗ 2 ಕೆಜಿ 700.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದಾಗ, ಸಣ್ಣದಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. 1996ರಲ್ಲಿ ಪ್ರಕಟವಾದ ಅಧ್ಯಯನ ಅದು. ಬಿಪಿ, ಸಕ್ಕರೆ ಕಾಯಿಲೆಯ ಅಪಾಯವೂ ಇಂಥವರಿಗೆ ಹೆಚ್ಚು ಅಂತ ಬೇರೆ ಕಡೆಯ ಅಧ್ಯಯನಗಳು ಹೇಳುತ್ತವೆ. ಅದಕ್ಕೇ ಆ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮನೆ ಪತ್ರಗಳ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದೀವಿ. ಮೂವತ್ತನೇ ವಯಸ್ಸಿಗೆ ಇವಳು ಯಾವ ಡಾಕ್ಟರ ಮುಂದೆ ಕೂತರೂ ಹುಟ್ಟಿದಾಗಿನ ತೂಕ ಹೇಳಲಿ ಅಂತ.